ರಾಣಿಬಾಗ್‌ನ ಸ್ಲೈಡ್‌ಗಳನ್ನು ಉಳಿಸಿ: ನಮ್ಮ ಸಂಘದ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಗೌರವ ಕಾರ್ಯದರ್ಶಿಯವರಿಗೆ, ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ ಮತ್ತು ಮುಂಬಯಿಯ ಇತರ ಕನ್ನಡ ಸಂಘಗಳ ಬಂಧುಗಳಿಗೆ,

ಸಪ್ರೇಮ ನಮಸ್ಕಾರಗಳು.

ಇದೇ ವಿಷಯವನ್ನು ಮೊದಲು ಸಂಘದ ವಿಳಾಸಕ್ಕೇ ಬರೆದು ಕಳಿಸಿದ್ದೆ. ಉತ್ತರ ಬರಲಿಲ್ಲ. ಫೋನ್ ಮಾಡಿದಾಗ "ನೋಡೋಣ, ರೀಡೆವಲಪ್‌ಮೆಂಟ್ ಗಡಿಬಿಡಿ ಒಮ್ಮೆ ಮುಗಿಯಲಿ" ಎಂದಿರಿ. ಗಡಿಬಿಡಿ ಇದೆ, ಒಪ್ಪುತ್ತೇನೆ. ಹಳೇ ಕಟ್ಟಡ ಖಾಲಿ ಮಾಡುವುದು, ಬಾಡಿಗೆಗೆ ಜಾಗ ಹುಡುಕುವುದು, ಇಷ್ಟು ವರ್ಷದ ಸಾಮಾನು ಸಾಗಿಸುವುದು ಸಣ್ಣ ಕೆಲಸವಲ್ಲ. ಆದರೆ ನಾನು ಹೇಳುತ್ತಿರುವ ವಸ್ತುವಿಗೆ ಕಾಯುವ ಶಕ್ತಿ ಇಲ್ಲ. ಇನ್ನೊಂದು ಮಳೆಗಾಲ ಕಳೆದರೆ ಮಾತಾಡಲು ಏನೂ ಉಳಿಯದೇ ಹೋಗಬಹುದು. ಅದಕ್ಕೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಮಾಸ್ತರು ಸಂಘಕ್ಕೆ ಕೊಟ್ಟುಹೋದ ರಾಣಿಬಾಗ್‌ನ ಸ್ಲೈಡ್‌ಗಳು ಹಾಳಾಗುತ್ತಿವೆ. ಒಂದು ಭಾಗ ಆಗಲೇ ಹೋಗಿದೆ. ಸ್ಲೈಡ್ ಎಂದರೆ ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ, ಬೆಳಕಿಗೆ ಹಿಡಿದು ಅಥವಾ ಪ್ರೊಜೆಕ್ಟರ್‌ನಲ್ಲಿ ಹಾಕಿ ನೋಡುವ ಫಿಲಂ ಚಿತ್ರ.

ಹಿರಿಯರಿಗೆ ಮಾಸ್ತರು ನೆನಪಿರುತ್ತಾರೆ. ಕಿರಿಯರಿಗಾಗಿ ಹೇಳುತ್ತೇನೆ. ಅವರು ಹಾವೇರಿ ಕಡೆಯವರು. ಹಗಲು ಬಂದರಿನ ಬಳಿ ಒಂದು ಕಚೇರಿಯಲ್ಲಿ ಗುಮಾಸ್ತ, ರಾತ್ರಿ ನಮ್ಮ ಹುಡುಗರಿಗೆ ಪಾಠ. ಊರಿನಿಂದ ಬಂದು ಹೋಟೆಲ್‌ಗಳಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ ಹುಡುಗರು ಅಂಗಡಿ ಮುಚ್ಚಿದ ಮೇಲೆ ಕಣ್ಣುಜ್ಜಿಕೊಂಡು ಬಂದು ಕೂರುತ್ತಿದ್ದರು. ಭಾನುವಾರ ಮಾಸ್ತರು ಅವರನ್ನು ಭಾಯ್ಖಳಾದ ಮೃಗಾಲಯದ ತೋಟ ರಾಣಿಬಾಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಮರದ ಹೆಸರು ಓದಿಸುತ್ತಿದ್ದರು. ಫೋಟೋ ತೆಗೆಯುತ್ತಿದ್ದರು. ಸ್ಲೈಡ್ ಫಿಲಂ ಆಗ ಇಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಡಗಿನಲ್ಲಿ ಕೆಲಸಕ್ಕೆ ಸೇರಿದ ಅವರ ಹಳೇ ವಿದ್ಯಾರ್ಥಿಗಳು ಕೊಡಾಕ್ರೋಮ್ ರೋಲ್ ತಂದುಕೊಡುತ್ತಿದ್ದರು. ಮುಗಿದ ರೋಲ್ ಮತ್ತೆ ಹಡಗಿನಲ್ಲೇ ಹೋಗಿ, ಯಾವುದೋ ದೇಶದಲ್ಲಿ ಡೆವಲಪ್ ಆಗಿ ಬರುತ್ತಿತ್ತು. ಆಮೇಲೆ ಪೂರ್ವ ಜರ್ಮನಿಯ ಓರ್ವೋ ಫಿಲಂ ಇಲ್ಲೇ ಸಿಕ್ಕಿದ ಮೇಲೆ ಅದರಲ್ಲೂ ತೆಗೆದರು. ನಿವೃತ್ತರಾಗಿ ಊರಿಗೆ ಹೋಗುವಾಗ ಎಲ್ಲವನ್ನೂ ಸಂಘಕ್ಕೆ ಒಪ್ಪಿಸಿದರು. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್. ಒಂದೊಂದು ಸ್ಲೈಡ್‌ಗೂ ನಂಬರು. ನಂಬರಿನ ಎದುರು ದಿನ, ಜಾಗ, ಅದರಲ್ಲಿರುವವರ ಹೆಸರು.

ಆಫೀಸು ಖಾಲಿ ಮಾಡುವ ದಿನ ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮೆಟ್ಟಿಲ ಬಳಿ ರದ್ದಿಯವನು ತಕ್ಕಡಿ ಇಟ್ಟುಕೊಂಡು ಕೂತಿದ್ದ. ಹಳೇ ರಸೀದಿ ಪುಸ್ತಕ, ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಯ ಉಳಿದ ಪ್ರತಿಗಳು ಗೋಣಿಗೆ ಬೀಳುತ್ತಿದ್ದವು. ಸ್ಲೈಡ್ ಪೆಟ್ಟಿಗೆಗಳು ಗೋಡೆ ಪಕ್ಕ ಇದ್ದವು. ಮೇಲೆ ಕ್ರೀಡಾಕೂಟದ ಟ್ರೋಫಿಗಳನ್ನು ಪೇರಿಸಿದ್ದರು. ಕೆಳಗಿನ ಪೆಟ್ಟಿಗೆಯ ರಟ್ಟು ಒಡೆದು ಸ್ಲೈಡ್‌ಗಳು ನೆಲಕ್ಕೆ ಬಿದ್ದಿದ್ದವು. ಒಂದರ ಮೇಲೆ ಚಪ್ಪಲಿಯ ಗುರುತು. ನೋಟ್‌ಬುಕ್ ಎಲ್ಲಿ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೂರು ಗೋಣಿ ಟೆಂಪೋ ಹತ್ತಿ ಹೋಗಿದ್ದವು. ಪ್ರೊಜೆಕ್ಟರ್ ಕೂಡ ಗುಜರಿ ತೂಕಕ್ಕೆ ಹೋಯಿತು. ಪ್ರೊಜೆಕ್ಟರ್ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಇನ್ನೊಂದು ಹುಡುಕಬಹುದು. ಆ ನೋಟ್‌ಬುಕ್ ಇನ್ನೆಲ್ಲೂ ಇಲ್ಲ.

ಉಳಿದ ಪೆಟ್ಟಿಗೆಗಳು ಈಗ ಗೋಡೌನ್‌ನಲ್ಲಿವೆ, ನೆಲದ ಮೇಲೆ, ಗೋಡೆಗೆ ತಾಗಿಕೊಂಡು. ಆ ಗೋಡೆಯಲ್ಲಿ ಹೋದ ವರ್ಷದ ನೀರಿನ ಕಲೆ ಇದೆ. ಮುಂಬಯಿಯಲ್ಲಿದ್ದುಕೊಂಡು ನೆಲದ ಮೇಲೆ ದಾಖಲೆ ಇಡುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಉಪನಗರಗಳಲ್ಲಿ ಎಷ್ಟು ಮನೆಯ ಮದುವೆ ಆಲ್ಬಂ, ಎಷ್ಟು ಕಚೇರಿಯ ಕಡತ ಕೆಸರಾಗಿ ಹೋದವು ಎಂದು ಆ ಸಂಜೆ ಸೊಂಟದ ನೀರಿನಲ್ಲಿ ನಡೆದವರಿಗೆಲ್ಲ ಗೊತ್ತು.

ಇನ್ನು, ನಿಮ್ಮಲ್ಲಿ ಒಬ್ಬರು ನನ್ನನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಇವು ಪಾರ್ಕಿನ ಫೋಟೋ. ಮರ, ಆನೆ, ಹಕ್ಕಿ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನೂ ಸರಿಯಾಗಿ ಕೊಡಬೇಕು.

ನಾನು ದಾದರ್‌ನ ಒಂದು ಕಲರ್ ಲ್ಯಾಬ್‌ನಲ್ಲಿ ದುಡಿದವನು. ಸ್ಲೈಡ್ ನೋಡುವುದು ನನಗೆ ಹೊಟ್ಟೆಪಾಡಿನ ಕೆಲಸವಾಗಿತ್ತು. ನೆಲಕ್ಕೆ ಬಿದ್ದ ಸ್ಲೈಡ್‌ಗಳಲ್ಲಿ ಕೆಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದೆ. ಒಂದರಲ್ಲಿ ಕಲ್ಲಿನ ಆನೆಯ ಮುಂದೆ ಹುಡುಗರು ಸಾಲಾಗಿ ನಿಂತಿದ್ದಾರೆ. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದಾರೆ. ಬಿಳಿ ಅಂಗಿ, ಖಾಕಿ ಚಡ್ಡಿ. ಕೊನೆಯ ಹುಡುಗನ ಬಲಗೈಗೆ ಬಟ್ಟೆ ಸುತ್ತಿದೆ. ಆ ಕೈಯನ್ನು ಅವನು ಬೆನ್ನ ಹಿಂದೆ ಅಡಗಿಸಲು ನೋಡಿದ್ದಾನೆ, ಅರ್ಧ ಮಾತ್ರ ಅಡಗಿದೆ. ಚೌಕಟ್ಟಿನ ಮೇಲೆ ಮಾಸ್ತರ ಪೆನ್ಸಿಲ್ ಅಕ್ಷರ: "ಕಾವಲಿ ಸುಟ್ಟ ಕೈ. ಆದರೂ ಬಂದ." ನಮ್ಮವರು ಈ ಊರಿಗೆ ಬಂದು ಹೇಗೆ ಬದುಕಿದರು ಎಂದು ಸ್ಮರಣ ಸಂಚಿಕೆಗಳಲ್ಲಿ ಎಷ್ಟೋ ಲೇಖನ ಬರೆದಿದ್ದೇವೆ. ಆ ಐದು ಪದದಲ್ಲಿ, ಆ ಕೈಯಲ್ಲಿ ಇರುವಷ್ಟು ಯಾವ ಲೇಖನದಲ್ಲೂ ನಾನು ಕಂಡಿಲ್ಲ.

ಸಂಘದ ಆಲ್ಬಂಗಳಲ್ಲಿ ಏನಿದೆ? ಸನ್ಮಾನ, ನಾಟಕ, ದೀಪ ಬೆಳಗಿಸುವುದು, ಶಾಲು, ಹಾರ. ಅವೂ ಬೇಕು. ಆದರೆ ಆ ಫೋಟೋಗಳಲ್ಲಿ ವೇದಿಕೆ ಹತ್ತಿದವರು ಮಾತ್ರ ಇದ್ದಾರೆ. ವೇದಿಕೆಗೆ ಕುರ್ಚಿ ಹೊತ್ತು ತಂದವರು ಮಾಸ್ತರ ಸ್ಲೈಡ್‌ಗಳಲ್ಲಿದ್ದಾರೆ. ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಜನ ಮಲಗುತ್ತಿದ್ದ ಕಾಲದಲ್ಲಿ ಅವರಿಗೆ ಕಾಲು ಚಾಚಿ ಕೂರಲು ಸಿಕ್ಕ ಹುಲ್ಲು ಅದೊಂದೇ. ರಾಣಿಬಾಗ್ ಅವರದೂ ಆಗಿತ್ತು, ಅಲ್ವಾ?

ಈಗ ಪಾರ್ಕಿನ ಕಡೆಯಿಂದ ನೋಡಿ. ಅದು 1862ರ ನವೆಂಬರ್ 19ರಂದು ವಿಕ್ಟೋರಿಯಾ ಗಾರ್ಡನ್ಸ್ ಎಂಬ ಹೆಸರಿನಲ್ಲಿ ಜನರಿಗೆ ತೆರೆದ ತೋಟ. ಸುಮಾರು 50 ಎಕರೆ. ಮೊದಲು ಒಂದು ಕೃಷಿ ತೋಟಗಾರಿಕೆ ಸಂಸ್ಥೆ ನೋಡಿಕೊಳ್ಳುತ್ತಿತ್ತು, 1873ರಲ್ಲಿ ನಗರಪಾಲಿಕೆಗೆ ಬಂತು. ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಅದರ ಪಕ್ಕದಲ್ಲೇ 1872ರ ಮ್ಯೂಸಿಯಂ, ಇಂದಿನ ಡಾ. ಭಾವು ದಾಜಿ ಲಾಡ್ ವಸ್ತು ಸಂಗ್ರಹಾಲಯ. ಹುಡುಗರು ನಿಂತ ಆ ಕಲ್ಲಿನ ಆನೆ ಘಾರಾಪುರಿಯದು, ಅಂದರೆ ಎಲಿಫೆಂಟಾ ದ್ವೀಪದ್ದು. ದ್ವೀಪಕ್ಕೆ ಆ ಹೆಸರು ಬರಲು ಕಾರಣವಾದ ಆನೆ ಅದೇ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಒಡೆದು ಹಾಕಿದರು. ಚೂರುಗಳು ಈ ತೋಟಕ್ಕೆ ಬಂದವು. 1914ರಲ್ಲಿ ಅವನ್ನು ಜೋಡಿಸಿ ನಿಲ್ಲಿಸಿದರು. ಒಡೆದ ಕಲ್ಲನ್ನೂ ಎಸೆಯದೆ ಅರ್ಧ ಶತಮಾನ ಇಟ್ಟುಕೊಂಡಿದ್ದರಿಂದ ತಾನೇ ಇವತ್ತು ನಮ್ಮ ಮಕ್ಕಳು ಅದನ್ನು ನೋಡುತ್ತಿರುವುದು?

ತೋಟ ಪ್ರಾಣಿಗಳಿಗಿಂತ ಮರಗಳಿಗೆ ಹೆಸರಾದದ್ದು. ಮೂರು ಸಾವಿರಕ್ಕೂ ಜಾಸ್ತಿ ಮರಗಳಿವೆ. ಬರ್ಮಾದಿಂದ ಬಂದ ಉರ್ವಶಿ ಇದೆ, ನಾಗಲಿಂಗ ಇದೆ, ಬಾವೋಬಾಬ್ ಇದೆ. ಬಾವೋಬಾಬ್ ಎಂದರೆ ನಮ್ಮ ಸವಣೂರಿನ ದೊಡ್ಡಹುಣಸೆ. ಮಾಸ್ತರು ಅದರ ಸ್ಲೈಡ್ ಮೇಲೆ ಬರೆದಿದ್ದಾರೆ: "ದೊಡ್ಡಹುಣಸೆ. ಸವಣೂರಿನದರ ತಮ್ಮ. ಹುಡುಗರು ಕೈ ಕೈ ಹಿಡಿದರೂ ಸುತ್ತು ಮುಗಿಯಲಿಲ್ಲ." 2007ರ ಹೊತ್ತಿಗೆ ಈ ತೋಟವನ್ನು ಅಂತರರಾಷ್ಟ್ರೀಯ ಮೃಗಾಲಯ ಮಾಡುವ ಯೋಜನೆ ಬಂದಾಗ ಮರಗಳ ಗತಿ ಏನು ಎಂದು ನಾಗರಿಕರು ಎದ್ದು ನಿಂತರು. ಒಂದೊಂದು ಮರವನ್ನೂ ಗುರುತಿಸಿ ಪಟ್ಟಿ ಮಾಡಿದರು. ಆಮೇಲೆ ಪೆಂಗ್ವಿನ್‌ಗಳು ಬಂದವು, 2017ರಿಂದ ಜನ ಸಾಲು ನಿಂತು ನೋಡಿದರು. ಹೊಸ ಕಟ್ಟಡ, ಹೊಸ ಗಾಜಿನ ಗೋಡೆ ಎದ್ದವು. ಇಂಥ ಜಾಗದಲ್ಲಿ ಯಾವ ಮರ ಎಲ್ಲಿತ್ತು, ಎಷ್ಟು ದಪ್ಪ ಇತ್ತು, ಯಾವುದು ಹೋಯಿತು ಎಂದು ಹೇಳಲು ಹಳೇ ಕಲರ್ ಫೋಟೋಗಿಂತ ಒಳ್ಳೆಯ ಸಾಕ್ಷಿ ಬೇಕಾ? ಒಂದು ಸ್ಲೈಡ್‌ನಲ್ಲಿ ಮರಕ್ಕೆ ಹೊಡೆದ ಹೆಸರಿನ ಫಲಕ ಲೂಪ್‌ನಲ್ಲಿ ಓದಲು ಬರುತ್ತದೆ.

ನೋಟ್‌ಬುಕ್ ಹೋಯಿತಲ್ಲ, ಇನ್ನು ಇವುಗಳ ಕಾಲ ಹೇಗೆ ಗೊತ್ತಾಗುತ್ತದೆ ಎಂದು ಕೇಳಬಹುದು. ಸ್ಲೈಡ್ ಉಳಿದರೆ ದಾರಿ ಇದೆ. ಒಂದು ಸ್ಲೈಡ್‌ನಲ್ಲಿ ಗೇಟಿನ ಆಚೆ ರಸ್ತೆಯಲ್ಲಿ ಟ್ರಾಮ್ ಕಾಣುತ್ತದೆ. ಮುಂಬಯಿಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ಕ್ಕೆ. ಅಂದರೆ ಅದು ಅದಕ್ಕಿಂತ ಹಿಂದಿನದು. ಇನ್ನೊಂದರಲ್ಲಿ ಕುದುರೆ ಮೇಲೆ ಕೂತ ಕಪ್ಪು ಪ್ರತಿಮೆ ಇದೆ. ಅದು ಏಳನೇ ಎಡ್ವರ್ಡ್‌ನದು. ಕೋಟೆ ಭಾಗದ ಕಾಲಾ ಘೋಡಾಕ್ಕೆ ಹೆಸರು ಕೊಟ್ಟ ಆ ಕುದುರೆಯನ್ನು 1965ರಲ್ಲಿ ಅಲ್ಲಿಂದ ತೆಗೆದು ರಾಣಿಬಾಗ್‌ಗೆ ತಂದರು. ಹಾಗಾಗಿ ಆ ಸ್ಲೈಡ್ 1965ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕೊಡಾಕ್‌ನ ಕೆಲವು ರಟ್ಟಿನ ಚೌಕಟ್ಟುಗಳ ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಡೆವಲಪ್ ಮಾಡಿದ ತಿಂಗಳು, ಫೋಟೋ ತೆಗೆದ ತಿಂಗಳಲ್ಲ. ಹಡಗಿನಲ್ಲಿ ಹೋಗಿ ಬಂದ ಫಿಲಂ ಆದ್ದರಿಂದ ಅದನ್ನು ಗಮನದಲ್ಲಿಡಬೇಕು. ಆದರೂ ಹಿಡಿದು ನಡೆಯಲು ಒಂದು ಹಗ್ಗ ಸಿಕ್ಕ ಹಾಗೆ.

ಅದಕ್ಕೇ "ಚೌಕಟ್ಟು ತೆಗೆದು ಫಿಲಂ ಮಾತ್ರ ಇಟ್ಟರೆ ಜಾಗ ಉಳಿಯುತ್ತದೆ" ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಮಾಸ್ತರ ಅಕ್ಷರ ಇರುವುದು ಚೌಕಟ್ಟಿನ ಮೇಲೆ. ನೋಟ್‌ಬುಕ್ ಹೋದ ಮೇಲೆ ನಮಗೆ ಉಳಿದಿರುವ ಬರಹ ಅದೊಂದೇ.

ಇನ್ನೊಂದು ಮಾತು ಕೇಳಿದೆ: "ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಬಿಸಾಡಿದರಾಯಿತು." ಹೇಳಿದ ಯುವಕ ಒಳ್ಳೆಯವನು, ಸಂಘಕ್ಕಾಗಿ ಓಡಾಡುವವನು. ಅವನಿಗೆ ಸ್ಲೈಡ್ ಎಂದರೇನು ಎಂದು ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತೇನೆ. ಸ್ಲೈಡ್‌ಗೆ ನೆಗೆಟಿವ್ ಇರುವುದಿಲ್ಲ. ಅವತ್ತು ರಾಣಿಬಾಗ್‌ನಲ್ಲಿ ಮಾಸ್ತರ ಕ್ಯಾಮೆರಾದೊಳಗೆ ಇದ್ದ, ಆ ಬಿಸಿಲು ಬಿದ್ದ ಫಿಲಂ ತುಂಡೇ ಈ ಸ್ಲೈಡ್. ಹಾಳಾದರೆ ಮತ್ತೊಂದು ಪ್ರಿಂಟ್ ಹಾಕಿಸಲು ಮೂಲ ಎಲ್ಲೂ ಇಲ್ಲ. ಅಗಲ 36 ಮಿಲಿಮೀಟರ್, ಎತ್ತರ 24. ಅಷ್ಟು ಚಿಕ್ಕದರಲ್ಲಿ ತುಂಬ ವಿವರ ಇರುತ್ತದೆ. ಒಳ್ಳೆಯ ಫಿಲಂ ಸ್ಕ್ಯಾನರ್‌ನಲ್ಲಿ 4000 ಡಿಪಿಐ (ಇಂಚಿಗೆ 4000 ಚುಕ್ಕೆ) ಇಟ್ಟು ಸ್ಕ್ಯಾನ್ ಮಾಡಿದರೆ ಸುಮಾರು 2 ಕೋಟಿ ಪಿಕ್ಸೆಲ್ ಬರುತ್ತದೆ. ಟ್ಯೂಬ್‌ಲೈಟ್‌ಗೆ ಹಿಡಿದು ಮೊಬೈಲ್‌ನಲ್ಲಿ ಹೊಡೆದರೆ ಆ ಹುಡುಗನ ಕೈಗೆ ಸುತ್ತಿದ ಬಟ್ಟೆ ಒಂದು ಬಿಳಿ ಚುಕ್ಕೆಯಾಗುತ್ತದೆ, ಮರದ ಫಲಕ ಮಸುಕಾಗುತ್ತದೆ. ಸ್ಕ್ಯಾನ್ ಮಾಡಿದ ಮೇಲೂ ಮೂಲ ಬೇಕು. ನಾಳೆ ಇನ್ನೂ ಒಳ್ಳೆಯ ಸ್ಕ್ಯಾನರ್ ಬರುತ್ತದೆ. ಇವತ್ತಿನ ಹಾರ್ಡ್ ಡಿಸ್ಕ್ ನಾಳೆ ಕೆಡುತ್ತದೆ.

ಕೊಡಾಕ್ರೋಮ್ ಈಗ ಸಿಗುವುದೂ ಇಲ್ಲ. 2009ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅದನ್ನು ಡೆವಲಪ್ ಮಾಡುವ ಜಗತ್ತಿನ ಕೊನೆಯ ಲ್ಯಾಬ್, ಅಮೆರಿಕದ ಕನ್ಸಾಸ್‌ನದು, 2010ರ ಕೊನೆಗೆ ಆ ಕೆಲಸ ಮುಗಿಸಿತು. ಆದರೆ ಕತ್ತಲಲ್ಲಿ, ಒಣ ಜಾಗದಲ್ಲಿ ಇಟ್ಟರೆ ಕೊಡಾಕ್ರೋಮ್‌ನ ಬಣ್ಣ ಬೇರೆ ಸ್ಲೈಡ್‌ಗಳಿಗಿಂತ ಎಷ್ಟೋ ಜಾಸ್ತಿ ವರ್ಷ ನಿಲ್ಲುತ್ತದೆ. ಅದಕ್ಕೆ ಆಗದೇ ಇರುವುದು ಪ್ರೊಜೆಕ್ಟರ್‌ನ ಬೆಳಕು. ಹಾಗಾಗಿ ವಾರ್ಷಿಕೋತ್ಸವದಲ್ಲಿ "ಹಳೇ ನೆನಪು" ಎಂದು ಮೂಲ ಸ್ಲೈಡ್‌ಗಳನ್ನೇ ಹಾಕಿ ತೋರಿಸುವುದು ಬೇಡ, ಸ್ಕ್ಯಾನ್ ಮಾಡಿದ್ದನ್ನು ತೋರಿಸೋಣ. ಇತರ ಫಿಲಂಗಳ ಕೆಲವು ಸ್ಲೈಡ್‌ಗಳು ಆಗಲೇ ಕೆಂಪಗಾಗಿವೆ. ಅವನ್ನು ಮೊದಲು ಸ್ಕ್ಯಾನ್ ಮಾಡಬೇಕು.

ಅದಕ್ಕಿಂತ ದೊಡ್ಡ ಶತ್ರು ತೇವ. ಸ್ಲೈಡ್‌ನಲ್ಲಿ ಚಿತ್ರ ಕೂತಿರುವುದು ಜೆಲಾಟಿನ್ ಪದರದ ಮೇಲೆ. ಬೂಷ್ಟಿಗೆ ಅದು ಊಟ. ಗಾಳಿಯಲ್ಲಿ ತೇವ ಶೇಕಡ 65 ದಾಟಿದರೆ ಬೂಷ್ಟು ಬೆಳೆಯಲು ಶುರು. ನಮ್ಮ ಜುಲೈ ಆಗಸ್ಟ್ ತಿಂಗಳಲ್ಲಿ ಅದು ವಾರಗಟ್ಟಲೆ 80ರ ಮೇಲಿರುತ್ತದೆ. ನಾನು ನೋಡಿದ ಒಂದು ಪೆಟ್ಟಿಗೆಯಲ್ಲಿ ಸ್ಲೈಡ್‌ಗಳ ಅಂಚಿನಿಂದ ಬಿಳಿ ಎಳೆಗಳು ಆಕಾಶದ ಭಾಗಕ್ಕೆ ಹಬ್ಬಿದ್ದವು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಯಾರೂ ಹೋಗಬೇಡಿ. ಬೂಷ್ಟು ಹಿಡಿದ ಜೆಲಾಟಿನ್ ನೀರಿಗೆ ಕರಗುತ್ತದೆ, ಚಿತ್ರವೇ ಎದ್ದು ಬರುತ್ತದೆ. ಇನ್ನೊಂದು ಪೆಟ್ಟಿಗೆ ತೆರೆದಾಗ ವಿನೆಗರ್ ವಾಸನೆ ಬಂತು. ಫಿಲಂನ ಅಸಿಟೇಟ್ ತಳ ಕೆಡುವಾಗ ಬರುವ ವಾಸನೆ ಅದು. ಆ ಆಮ್ಲ ಪಕ್ಕದ ಒಳ್ಳೆಯ ಫಿಲಂಗಳನ್ನೂ ಕೆಡಿಸುತ್ತದೆ. ಆ ಪೆಟ್ಟಿಗೆಯನ್ನು ಈ ವಾರವೇ ಬೇರೆ ಇಡಬೇಕು.

ಹಾಗಾದರೆ ನಾನು ಕೇಳುತ್ತಿರುವುದೇನು?

ಮೊದಲಿಗೆ, ಪೆಟ್ಟಿಗೆಗಳನ್ನು ಗೋಡೌನ್‌ನಿಂದ ಎತ್ತಿ ಒಣ ಕೋಣೆಗೆ ತನ್ನಿ. ಸಂಘದ ಬಾಡಿಗೆ ಆಫೀಸಿನಲ್ಲಿ ಎ.ಸಿ. ಇದೆ. ಅಲ್ಲಿ ಒಂದು ಕಪಾಟು, ಅದರಲ್ಲೂ ಮೇಲಿನ ಎರಡು ಹಲಗೆ ಸಾಕು. ಪಿವಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಹಾಕಬೇಡಿ, ಅವು ಫಿಲಂಗೆ ಒಳ್ಳೆಯದಲ್ಲ. ಪಾಲಿಪ್ರೊಪಿಲೀನ್ ಹಾಳೆಗಳು ಸಿಗುತ್ತವೆ. ಜೊತೆಗೆ ಸಿಲಿಕಾ ಜೆಲ್ ಇಟ್ಟು, ಅದು ತೇವ ಹೀರಿದ ಮೇಲೆ ಬದಲಿಸುತ್ತಿರಬೇಕು. ಬಿಸಿಲಿಗೆ ಮಾತ್ರ ಇಡಬೇಡಿ.

ಆಮೇಲೆ ಸ್ಕ್ಯಾನಿಂಗ್. ಈ ಕೆಲಸಕ್ಕೆ ನಾನು ಕೂಲಿ ಕೇಳುವುದಿಲ್ಲ. ಸ್ಕ್ಯಾನರ್ ಬಾಡಿಗೆ, ಹಾಳೆ, ಹಾರ್ಡ್ ಡಿಸ್ಕ್‌ಗಳ ಖರ್ಚು ಸಂಘ ನೋಡಿಕೊಂಡರೆ ಸಾಕು. ಅಷ್ಟೂ ಆಗದಿದ್ದರೆ ಹೇಳಿ. ಆ ಸ್ಲೈಡ್‌ಗಳಲ್ಲಿ ಚಡ್ಡಿ ಹಾಕಿಕೊಂಡು ನಿಂತ ಹುಡುಗರಲ್ಲಿ ಕೆಲವರು ಇವತ್ತು ಹೋಟೆಲ್ ಮಾಲಕರು. ಕೇಳಿದರೆ ಇಲ್ಲ ಎನ್ನುವವರಲ್ಲ. ಪ್ರತಿ ಸ್ಲೈಡ್‌ನ ಚಿತ್ರದ ಜೊತೆ ಚೌಕಟ್ಟಿನ ಎರಡೂ ಬದಿಯ ಫೋಟೋ ಬೇಕು, ಬರಹ ಕಾಣುವ ಹಾಗೆ.

ಎಲ್ಲಕ್ಕಿಂತ ಅವಸರದ್ದು ಹೆಸರು ಬರೆಸುವ ಕೆಲಸ. ಟ್ರಾಮ್ ಇದ್ದ ಕಾಲದಲ್ಲಿ ಹನ್ನೆರಡು ಹದಿಮೂರರ ಹುಡುಗರಾಗಿದ್ದವರಿಗೆ ಈಗ 70 ದಾಟಿದೆ. ಕೆಲವರು ಊರು ಸೇರಿದ್ದಾರೆ, ಕೆಲವರು ಇಲ್ಲ. ಉಳಿದವರನ್ನು ಒಂದು ಭಾನುವಾರ ಕೂರಿಸಿ, ಸ್ಕ್ಯಾನ್ ಮಾಡಿದ್ದನ್ನು ದೊಡ್ಡ ಪರದೆಯಲ್ಲಿ ತೋರಿಸಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಇದಕ್ಕೆ ನಮ್ಮ ಯುವ ವಿಭಾಗಕ್ಕಿಂತ ಒಳ್ಳೆಯವರು ಯಾರಿದ್ದಾರೆ? ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ.

ಹಕ್ಕಿನ ವಿಷಯವನ್ನೂ ಸರಿಮಾಡಿಕೊಳ್ಳಿ. ಮಾಸ್ತರು ಸ್ಲೈಡ್ ಕೊಟ್ಟರು ಎಂದ ಮಾತ್ರಕ್ಕೆ ಕಾಪಿರೈಟ್ ಸಂಘಕ್ಕೆ ಬರುವುದಿಲ್ಲ. 1957ರ ಕಾಯ್ದೆಯ ಪ್ರಕಾರ ಅದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು. ಮಾಸ್ತರ ಮಗಳು ಹುಬ್ಬಳ್ಳಿಯಲ್ಲಿದ್ದಾರೆ. ನೋಟ್‌ಬುಕ್ ಹೋದ ವಿಷಯವನ್ನು ಅವರಿಗೆ ಸಂಘವೇ ತಿಳಿಸಬೇಕು, ಕ್ಷಮೆ ಕೇಳಬೇಕು, ಆಮೇಲೆ ಒಪ್ಪಿಗೆ ಕೇಳಬೇಕು. ಈ ಕ್ರಮ ತಪ್ಪಬಾರದು ಎಂದು ನನ್ನ ಆಗ್ರಹ. ಅವರ ಮನೆಯಲ್ಲಿ ಆ ನೋಟ್‌ಬುಕ್‌ನ ಕರಡು ಪ್ರತಿ ಇದ್ದರೂ ಇರಬಹುದು. ಕೇಳಿ ನೋಡದೆ ಹೇಗೆ ಗೊತ್ತಾಗುತ್ತದೆ?

ಒಪ್ಪಿಗೆ ಸಿಕ್ಕಿದ ಮೇಲೆ ಸ್ಕ್ಯಾನ್‌ನ ಒಂದು ಪ್ರತಿಯನ್ನು ಉದ್ಯಾನದ ಅಧಿಕಾರಿಗಳಿಗೆ, ಒಂದನ್ನು ಪಕ್ಕದ ವಸ್ತು ಸಂಗ್ರಹಾಲಯಕ್ಕೆ, ಇನ್ನೊಂದನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಕೊಡುವುದಾಗಿ ಬರೆಯಿರಿ. ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂದು ಈಗಾಗಲೇ ನೋಡಿದ್ದೇವೆ.

ಇತರ ಸಂಘಗಳ ಬಂಧುಗಳಲ್ಲಿ ಒಂದೇ ವಿನಂತಿ. ಮುಂಬಯಿಯ ತುಂಬ ಹಳೇ ಕಟ್ಟಡಗಳು ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ನಿಮ್ಮ ಕಪಾಟುಗಳಲ್ಲೂ ಇಂಥವು ಇರುತ್ತವೆ. ಕೈಗೆ ಸಿಕ್ಕಿದ ಪುಟ್ಟ ಚೌಕ ಚೌಕಟ್ಟುಗಳನ್ನು ಗೋಣಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ನೋಟ್‌ಬುಕ್ ಇದ್ದರೆ ಅದನ್ನು ಪೆಟ್ಟಿಗೆಗೇ ಕಟ್ಟಿಬಿಡಿ.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಬೇಕೆಂದು ಸದಸ್ಯನಾಗಿ ಬರಹದಲ್ಲಿ ಕೇಳುತ್ತಿದ್ದೇನೆ. ಆದರೆ ಪೆಟ್ಟಿಗೆಗಳನ್ನು ಗೋಡೌನ್‌ನಿಂದ ಹೊರಗೆ ತರಲು ಸಭೆ, ಠರಾವು ಯಾವುದೂ ಬೇಡ. ಕೀಲಿ ಯಾರ ಬಳಿ ಇದೆ ಎಂದು ಯಾರಾದರೂ ತಿಳಿಸಿ. ಟೆಂಪೋ ನಾನು ತರುತ್ತೇನೆ.

ತಮ್ಮ ವಿಶ್ವಾಸಿ,
ಸಂಘದ ಒಬ್ಬ ಆಜೀವ ಸದಸ್ಯ
ಮುಂಬಯಿ